ತಂಗಿಯ ಮುಖ ಯಾಕೆ ಅಳಿಸಿದೆ?

ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟ. ಫೆಬ್ರವರಿ, ರೊಬಸ್ಟಾ ಕೊಯ್ಲು ಮುಗೀತಾ ಬಂದಿತ್ತು. ಹಿಂದಿನ ವರ್ಷ ತೆಗೆದಿದ್ದ ಫೋಟೋದ ಪ್ರಿಂಟ್ ಹಿಡ್ಕೊಂಡು ಎರವ ಬುಡಕಟ್ಟಿನ ಅಜ್ಜಿಯೊಬ್ಬರ ಲೈನ್ ಮನೆಗೆ, ಅಂದರೆ ತೋಟದ ಕೆಲಸಗಾರರ ಸಾಲುಮನೆಗೆ ಹೋಗಿದ್ದೆ. ಅವರ ಮನೆಯಲ್ಲಿ ಅವರ ಫೋಟೋ ಅಂತ ಇದ್ದದ್ದು ಆಧಾರ್ ಕಾರ್ಡಿನದ್ದು ಮಾತ್ರ.

ನನಗೆ ಆ ಚಿತ್ರದ ಮೇಲೆ ತುಂಬಾ ಹೆಮ್ಮೆ. ಮುಖದ ಒಂದೊಂದು ಸುಕ್ಕೂ ಎಣಿಸಬಹುದು, ಹಿಂದಿನದ್ದೆಲ್ಲ ಹಸಿರಲ್ಲಿ ಕರಗಿಹೋಗಿದೆ. ಅಜ್ಜಿ ಸೆರಗಿಗೆ ಕೈ ಒರೆಸಿ ಪ್ರಿಂಟ್ ಇಸ್ಕೊಂಡರು. ತಮ್ಮ ಮುಖ ನೋಡಲೇ ಇಲ್ಲ. ಬೆರಳು ನೇರ ಎಡಗಡೆ ಮೂಲೆಗೆ ಹೋಯ್ತು.

"ಇದು ನನ್ನ ತಂಗಿ ಅಲ್ವಾ ಮಗಾ? ಇವಳ ಮುಖ ಯಾಕೆ ಅಳಿಸಿದೆ?"

50 ಎಂಎಂ ಲೆನ್ಸು, ಅಪರ್ಚರ್ 1.8, ಅಂದರೆ ಲೆನ್ಸಿನ ಬೆಳಕಿನ ಕಿಂಡಿ ಅಗಲವಾಗಿ ತೆರೆದಿತ್ತು. ಒಂದು ಮುಖಕ್ಕೆ ಫೋಕಸ್ ಕೂತರೆ ಹಿಂದಿನದ್ದು ಮಸುಕಾಗುತ್ತೆ. ಚಂದ ಕಾಣಲಿ ಅಂತ ನಾನೇ ಬೇಕಂತ ಹಾಗೆ ತೆಗೆದದ್ದು. ನನಗೆ ಅದು ಹಿನ್ನೆಲೆ, ಅವರಿಗೆ ಒಡಹುಟ್ಟಿದವಳು. ಆ ಪ್ರಶ್ನೆಗೆ ಬಾಯಿಂದ ಮಾತೇ ಹೊರಡಲಿಲ್ಲ.

ಅವತ್ತಿನಿಂದ ಜನರ ಮನೆಯಂಗಳದಲ್ಲಿ ನಾನು ಬಳಸೋದು 35 ಎಂಎಂ ಲೆನ್ಸು, ಅಪರ್ಚರ್ 8ರ ಹತ್ತಿರ; ಕಿಂಡಿ ಕಿರಿದಾದರೆ ಹಿಂದಿನದ್ದೂ ಸ್ಪಷ್ಟವಾಗಿ ಬೀಳುತ್ತೆ. ತೋಟದ ಮರದ ನೆರಳಲ್ಲಿ ಬೆಳಕು ಕಮ್ಮಿ, ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸೋ ಮಟ್ಟ, ಏರಿಸಬೇಕು, ಚಿತ್ರ ಕಾಳುಕಾಳಾಗುತ್ತೆ. ಆಗಲಿ. ಒಲೆ, ಗೋಣಿಚೀಲ, ಬಾಗಿಲಲ್ಲಿ ನಿಂತ ಮಗು, ಯಾರ ಮುಖ ಯಾರಿಗೆ ಬೇಕೋ ನನಗೇನು ಗೊತ್ತು?

ಕೊಡಗಿನಷ್ಟು ಫೋಟೋ ತೆಗೆಸಿಕೊಂಡ ಜಿಲ್ಲೆ ನಮ್ಮಲ್ಲಿ ಕಮ್ಮಿ. ರಾಜಾಸೀಟಿನ ಮಂಜು, ಅಬ್ಬಿ ಜಲಪಾತ, ಕೊಡವರ ಕುಪ್ಯಚೇಲೆ ಉಡುಪು, ಸೊಂಟದ ಪೀಚೆಕತ್ತಿ. ಸುಗ್ಗಿ ಹಬ್ಬ ಪುತ್ತರಿ ಬಂತೆಂದರೆ ಕದಿರು ತೆಗೆಯುವಾಗ ಗುಂಡು ಹಾರುವ ಆ ಒಂದು ಕ್ಷಣಕ್ಕೆ ಕ್ಯಾಮೆರಾಗಳ ನೂಕುನುಗ್ಗಲು. ಅದಕ್ಕೆ ಮೊದಲು ಕುಟುಂಬದ ಮೂಲಮನೆಯಾದ ಐನ್‌ಮನೆಯ ನೆಲ್ಲಕ್ಕಿಯಲ್ಲಿ, ಅಂದರೆ ನಡುಮನೆಯಲ್ಲಿ, ದೀಪ ಹಚ್ಚಿ, ಎಲೆಗಳನ್ನು ಜೋಡಿಸಿ 'ನೆರೆ' ಅನ್ನೋ ಕಟ್ಟು ಮಾಡುವಾಗ ಪಕ್ಕದಲ್ಲಿ ಕೂರೋರು ಎಷ್ಟು ಜನ? ಅಲ್ಲಿ ಕೂತರೆ ತಾನೇ "ಪೊಲಿ ಪೊಲಿ ದೇವಾ" ಅನ್ನೋ ಕೂಗು ಹೊಸ ಬೆಳೆ ಹೆಚ್ಚಲಿ ಅನ್ನೋ ಬೇಡಿಕೆ ಅಂತ ಕಿವಿಗೆ ಬೀಳೋದು.

ದೇವರಪುರದ ಕುಂಡೆ ಹಬ್ಬದ ವಿಷಯದಲ್ಲಂತೂ ನನಗೆ ನಿಜವಾಗಿ ಸಿಟ್ಟಿದೆ. ಜೇನುಕುರುಬ, ಎರವ ಬುಡಕಟ್ಟಿನವರು ವೇಷ ಹಾಕಿ, ಬೈದು ಕಾಸು ಕೇಳುವ ಹರಕೆಯ ದಿನ ಅದು. ಬೈಗುಳದ ಹತ್ತು ಸೆಕೆಂಡಿನ ವಿಡಿಯೋ ಮಾತ್ರ ಹಾಕಿ "ವಿಚಿತ್ರ ಹಬ್ಬ" ಅಂತ ಬರೀತೀವಿ. ಆ ವೇಷದ ಹಿಂದಿರೋ ಮನುಷ್ಯ ನಾಳೆ ಬೆಳಿಗ್ಗೆ ಅದೇ ಊರಲ್ಲಿ ಕೂಲಿಗೆ ಹೋಗಬೇಕು. ಕೇಳಿ ತೆಗೀರಿ. ತೆಗೆದದ್ದನ್ನು ಅವರ ಕೈಗೆ ಕೊಡಿ. ಪ್ರಿಂಟಿಗೆ ಒಂದು ಕಾಫಿಯ ದುಡ್ಡೂ ಆಗಲ್ಲ.

ಅಜ್ಜಿಯ ತಂಗಿ ಈಗ ಪಾಲಿಬೆಟ್ಟದ ಕಡೆ ಕೆಲಸಕ್ಕಿದ್ದಾರೆ. ಮುಂದಿನ ಸಂತೆಗೆ ಇಬ್ಬರೂ ಸಿದ್ದಾಪುರಕ್ಕೆ ಬರ್ತಾರಂತೆ. ಅಕ್ಕಪಕ್ಕ ನಿಲ್ಲಿಸಿ ತೆಗೀಬೇಕು ಅಂತ ಅಜ್ಜಿ ಈಗಲೇ ಹೇಳಿಟ್ಟಿದ್ದಾರೆ.