36 ಕಂತಿಗೆ ಮುಗಿಯುವ ಕಥೆ ನಮಗೂ ಬೇಕು

ಚೀನೀ ಧಾರಾವಾಹಿ ಅಂದರೆ ನಮ್ಮವರಿಗೆ ನೆನಪಾಗೋದು ಗಾಳಿಯಲ್ಲಿ ಹಾರುವ ಕತ್ತಿವರಸೆಯವರು, ರೇಷ್ಮೆ ಉಟ್ಟ ರಾಣಿಯರು. ಸಿಂಗಪುರದಲ್ಲಿ ನೆಲೆಸಿದ ನನ್ನಂಥವರಿಗೆ ಅದು ಅಕ್ಕಪಕ್ಕದ ಮನೆಯ ಮಾತು. ಲಿಫ್ಟಿನಲ್ಲಿ, ಕಾಫಿ ಅಂಗಡಿಯಲ್ಲಿ, ಆಫೀಸಿನ ಊಟದ ಹೊತ್ತಲ್ಲಿ ಅದೇ ಸುದ್ದಿ. ಹಾಗೆ ಕೇಳಿ ಕೇಳಿ ನಾನು ನೋಡಲು ಕೂತದ್ದು ‘ದಿ ಇಂಪೀರಿಯಲ್ ಕಾರೊನರ್’, ಅಂದರೆ ಹೆಣ ಪರೀಕ್ಷಿಸಿ ಸಾವಿನ ಕಾರಣ ಹುಡುಕುವವಳ ಕಥೆ. 2021ರಲ್ಲಿ ಬಂದದ್ದು, ಒಟ್ಟು 36 ಕಂತು. ಇಂಥದ್ದು ಕನ್ನಡದಲ್ಲಿ ಆಗಬೇಕು, ಖಂಡಿತ ಆಗಬಹುದು. ಬೇಕಾದ ಸರಕು ನಮ್ಮ ಹತ್ತಿರ ಬೇಕಾದಷ್ಟಿದೆ. ಕಥೆಗೆ ಕೊನೆ ಇಟ್ಟುಕೊಂಡು ಶುರು ಮಾಡುವ ಅಭ್ಯಾಸ ಮಾತ್ರ ನಾವು ಬಿಟ್ಟುಬಿಟ್ಟಿದ್ದೇವೆ.

ಕಥೆ ನಡೆಯೋದು 9ನೇ ಶತಮಾನದಲ್ಲಿ, ತಾಂಗ್ ದೊರೆಗಳ ಕಾಲದಲ್ಲಿ. ಚೂ ಚೂ ಅನ್ನುವ ಹುಡುಗಿ ದೂರದ ಗುಡ್ಡಗಾಡಿನಿಂದ ರಾಜಧಾನಿ ಚಾಂಗಾನ್‌ಗೆ ಬರುತ್ತಾಳೆ. ಅವಳದು ಶವಪರೀಕ್ಷೆಯನ್ನೇ ಕಸುಬು ಮಾಡಿಕೊಂಡ ಮನೆತನ. ಅದೇ ಕೆಲಸಕ್ಕೆ ಪರೀಕ್ಷೆ ಕೊಡಲು ಬಂದವಳು, ರಾಜಮನೆತನದ ನ್ಯಾಯಾಧಿಕಾರಿಯ ಕಣ್ಣಿಗೆ ಬೀಳುತ್ತಾಳೆ. ಅಲ್ಲಿಂದ ಒಂದು ಕೊಲೆ ಇನ್ನೊಂದು ಕೊಲೆಯ ಎಳೆ ಹಿಡಿದುಕೊಂಡು ಬರುತ್ತದೆ. ನಗು ಬರೋದು ಈ ಹುಡುಗಿಯ ಸ್ವಭಾವದಿಂದ. ಹೆಣ ನೋಡಿ ಉಳಿದವರು ಮೂಗು ಮುಚ್ಚಿಕೊಂಡರೆ, ಅವಳ ಮುಖ ಅರಳುತ್ತದೆ. ಎದುರಿಗಿರುವವರು ಎಷ್ಟೇ ದೊಡ್ಡವರಾದರೂ ಕಂಡದ್ದನ್ನು ಕಂಡಹಾಗೆ ಹೇಳುತ್ತಾಳೆ. ಕಾಮಿಡಿಗೆ ಅಂತ ಬೇರೆ ಪಾತ್ರ ತಂದು ನಿಲ್ಲಿಸುವ ಕಷ್ಟವೇ ಇಲ್ಲ.

ಆ ಕಸುಬಿನವರಿಗೆ ಚೀನಾದಲ್ಲಿ ಮರ್ಯಾದೆ ಇರಲಿಲ್ಲ. ತಾಂಗ್ ಆದಮೇಲೆ ಎಷ್ಟೋ ಶತಮಾನ ಕಳೆದು ಬಂದ ಚಿಂಗ್ ದೊರೆಗಳ ಕಾಲದಲ್ಲಂತೂ ಅವರ ಮಕ್ಕಳು ಸರ್ಕಾರಿ ಹುದ್ದೆಯ ಪರೀಕ್ಷೆಗೆ ಕೂರುವ ಹಾಗಿರಲಿಲ್ಲ. ಅಂಥ ಮನೆಯ ಹುಡುಗಿಯನ್ನು ನಾಯಕಿ ಮಾಡಿ, ಅವಳ ಕೈಕೆಲಸವನ್ನೇ ಕಥೆಯ ಬೆನ್ನೆಲುಬು ಮಾಡಿದ್ದಾರೆ. ನಮ್ಮ ಕಥೆಗಳಲ್ಲಿ ಶವಾಗಾರದ ಕೆಲಸದವನು ಬಂದರೆ ಹೇಗೆ ಬರುತ್ತಾನೆ ಹೇಳಿ? ಕುಡಿದು ತೂರಾಡುತ್ತಾ, ಒಂದು ದೃಶ್ಯಕ್ಕೆ. ನಂಗಿದು ನಿಜವಾಗಲೂ ನೋವಿನ ವಿಷಯ.

ಈ ಧಾರಾವಾಹಿಯ ಹಿಂದೆ ಗಟ್ಟಿಯಾದ ವಿದ್ಯೆ ಇದೆ. 1247ರಲ್ಲಿ ಸೋಂಗ್ ತ್ಸ ಅನ್ನುವ ನ್ಯಾಯಾಧಿಕಾರಿ ಅಸಹಜ ಸಾವುಗಳ ತನಿಖೆ ಹೇಗೆ ಮಾಡಬೇಕು ಅಂತ ಒಂದು ಕೈಪಿಡಿ ಬರೆದ. ಕಥೆಯ ಕಾಲಕ್ಕಿಂತ ಇದು ಸುಮಾರು 400 ವರ್ಷ ಈಚಿನದು, ಆದರೂ ಇಂಥ ಧಾರಾವಾಹಿಗಳಿಗೆಲ್ಲ ಇದೇ ತಾಯಿಬೇರು. ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ದಾರಿ ಬದಿಯಲ್ಲಿ ಒಬ್ಬನ ಹೆಣ, ಮೈಮೇಲೆ ಹತ್ತಕ್ಕೂ ಹೆಚ್ಚು ಕುಡುಗೋಲಿನ ಗಾಯ. ಮೈಮೇಲಿನ ವಸ್ತುಗಳು ಹಾಗೇ ಇವೆ. ಅಂದರೆ ಕಳ್ಳತನ ಅಲ್ಲ, ದ್ವೇಷ. ಅಧಿಕಾರಿ ಸತ್ತವನ ಹೆಂಡತಿಯನ್ನು ವಿಚಾರಿಸುತ್ತಾನೆ. ಯಾರ ಮೇಲೂ ಹಗೆ ಇರಲಿಲ್ಲ, ಒಬ್ಬ ಸಾಲ ಕೇಳಿದ್ದ, ಕೊಡಲಿಲ್ಲ ಅಷ್ಟೇ ಅನ್ನುತ್ತಾಳೆ. ಅಧಿಕಾರಿ ಸುತ್ತಲಿನ ಮನೆಗಳ ಕುಡುಗೋಲನ್ನೆಲ್ಲ ತರಿಸುತ್ತಾನೆ, 70-80 ಆಗುತ್ತವೆ. ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಇಡಿಸುತ್ತಾನೆ. ಬಿಸಿಲ ಕಾಲ. ಸ್ವಲ್ಪ ಹೊತ್ತಿಗೆ ಒಂದೇ ಒಂದು ಕುಡುಗೋಲಿನ ಮೇಲೆ ನೊಣ ಮುತ್ತುತ್ತವೆ. ಅದು ಸಾಲ ಕೇಳಿದವನದು. ಕಣ್ಣಿಗೆ ಕಾಣದಿದ್ದ ರಕ್ತದ ವಾಸನೆ ನೊಣಕ್ಕೆ ಸಿಕ್ಕಿತ್ತು. ಅವನು ಒಪ್ಪಿಕೊಳ್ಳುತ್ತಾನೆ.

ಇದಕ್ಕಿಂತ ನನ್ನ ಮನಸ್ಸು ಹಿಡಿದದ್ದು ಅವರ ತಪಾಸಣೆಯ ಪದ್ಧತಿ. 1211ರ ಹೊತ್ತಿಗೇ ಮನುಷ್ಯನ ಮುಂಭಾಗ, ಹಿಂಭಾಗದ ಚಿತ್ರ ಇರುವ ಅಚ್ಚಿನ ಹಾಳೆಗಳು ಬಂದಿದ್ದವು. ಗಾಯ ಎಲ್ಲಿದೆಯೋ ಅಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಬೇಕು. ಗಾಯವನ್ನು ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಬೇಕು. ಆಮೇಲೆ ಬೇರೊಬ್ಬ ಅಧಿಕಾರಿ ಬಂದು ಇನ್ನೊಂದು ಸಲ ನೋಡಬೇಕು. ಲಂಚ ತಿಂದು ಗಾಯ ಮುಚ್ಚಿಹಾಕಬಾರದು ಅಂತ ಇಷ್ಟೆಲ್ಲ. ಓದು ಬರಹ ಬಾರದ ಬಡವನಿಗೂ ತನ್ನ ಮನೆಯವರ ಸಾವು ಹೇಗಾಯಿತು ಅಂತ ಕಣ್ಣಾರೆ ಕಾಣಲಿ ಅನ್ನುವ ಕಾಳಜಿ ಅದರಲ್ಲಿದೆ.

ಹೆಣದ ವಾಸನೆ ತಡೆಯಲು ಅಲ್ಲಿ ಬೇರು, ಕಾಯಿ ಸುಟ್ಟು ಹೊಗೆ ಹಾಕೋದು, ಮೂಗಿಗೆ ಎಳ್ಳೆಣ್ಣೆ ಸವರಿಕೊಳ್ಳೋದು, ಹಸಿ ಶುಂಠಿ ಬಾಯಲ್ಲಿಟ್ಟುಕೊಳ್ಳೋದು, ಇವೆಲ್ಲ ಆ ಪುಸ್ತಕದ ಕಾಲದ ರೂಢಿ. ಪಕ್ಕದ ಮನೆಯ ಆಂಟಿಗೆ ಎಪ್ಪತ್ತು ದಾಟಿದೆ. ಹಾಗೆ ಸುಡುವ ಬೇರು ನಮ್ಮ ಬ್ಲಾಕಿನ ಕೆಳಗಿನ ಮದ್ದಿನ ಅಂಗಡಿಯಲ್ಲೇ ಸಿಗುತ್ತೆ ಅಂತ ಕರೆದುಕೊಂಡು ಹೋಗಿ ತೋರಿಸಿದರು. ಗೋಡೆ ತುಂಬ ಸಣ್ಣ ಸಣ್ಣ ಮರದ ಡ್ರಾಯರುಗಳು. ಅಂಗಡಿಯವರು ಒಂದನ್ನು ಎಳೆದು ಒಣಗಿದ ಬಿಲ್ಲೆಗಳನ್ನು ಕೈಗಿಟ್ಟರು. ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಬಜೆ ಬೇರು ಕೊಟ್ಟ ಹಾಗೇ ಇತ್ತು. ಆಂಟಿಗೆ ಧಾರಾವಾಹಿ ಬೇರೆ, ಮನೆ ಮದ್ದು ಬೇರೆ ಅಲ್ಲ. ತೆರೆಯ ಮೇಲೆ ಕಂಡದ್ದು ಅವರ ಅಜ್ಜಿಯ ಕಾಲದಿಂದ ಬಂದ ತಿಳಿವಳಿಕೆ. ಮೊಮ್ಮಕ್ಕಳಿಗೂ ಅದನ್ನೇ ವಿವರಿಸಿ ಹೇಳುತ್ತಾರೆ.

ಈಗ ಕಂತುಗಳ ಲೆಕ್ಕಕ್ಕೆ ಬರೋಣ. ಚೀನಾದಲ್ಲಿ 2020ರಲ್ಲಿ ಅಲ್ಲಿನ ಪ್ರಸಾರ ಇಲಾಖೆ, ಧಾರಾವಾಹಿ 40 ಕಂತು ದಾಟಬಾರದು, 30ರ ಒಳಗಿದ್ದರೆ ಒಳ್ಳೆಯದು ಅಂತ ಹೇಳಿತು. ಶೂಟಿಂಗಿಗೆ ಮುಂಚೆ ಸ್ಕ್ರಿಪ್ಟ್ ಹೆಚ್ಚುಕಡಿಮೆ ಪೂರ್ತಿ ಆಗಿರಬೇಕು ಅಂತಲೂ ಕೇಳಿತು. ಅಲ್ಲಿನ ಸರ್ಕಾರ ಏನು ತೋರಿಸಬೇಕು, ಏನು ತೋರಿಸಬಾರದು ಅಂತ ಕತ್ತರಿ ಆಡಿಸೋದು ನಂಗೆ ಒಂಚೂರೂ ಹಿಡಿಸಲ್ಲ. ನಮಗೆ ಅಂಥ ಆಜ್ಞೆ ಬೇಡವೇ ಬೇಡ. ಆದರೆ ಪೂರ್ತಿ ಬರೆದುಕೊಂಡು ಶುರು ಮಾಡುವ ಶಿಸ್ತು ಪತ್ತೇದಾರಿ ಕಥೆಗೆ ಉಸಿರಿದ್ದಂತೆ. ಮೊದಲ ಕಂತಿನಲ್ಲಿ ಇಟ್ಟ ಸುಳಿವು ಕೊನೆಯ ಕಂತಿನಲ್ಲಿ ಬಿಚ್ಚಿಕೊಳ್ಳಬೇಕು ಅಂದರೆ, ಕೊಲೆಗಾರ ಯಾರು ಅಂತ ಬರೆಯುವವರಿಗೆ ಮೊದಲೇ ಗೊತ್ತಿರಬೇಕು ಅಲ್ವಾ?

ನಮ್ಮ ದಿನದ ಧಾರಾವಾಹಿಯಲ್ಲಿ ಇದು ಸಾಧ್ಯವೇ ಇಲ್ಲ. ನಾಲ್ಕಾರು ಕಂತು ಮೊದಲೇ ಶೂಟ್ ಮಾಡಿ ಇಟ್ಟುಕೊಂಡಿದ್ದರೆ ಅದೇ ಪುಣ್ಯ. ವಾರ ವಾರ ಟಿಆರ್‌ಪಿ ನೋಡಿ ಕಥೆ ತಿರುಗುತ್ತದೆ. ಬರೆಯುವವರು, ನಟಿಸುವವರು, ಲೈಟ್ ಹಿಡಿಯುವವರು ಹಗಲು ರಾತ್ರಿ ದುಡಿಯುತ್ತಾರೆ, ಅವರ ಮೇಲೆ ನನಗೆ ತುಂಬ ಗೌರವ ಇದೆ. ಆದರೆ ನೂರಾರು ಕಂತು ಎಳೆಯುವ ಈ ಪದ್ಧತಿ ಒಳ್ಳೆಯ ಕಲಾವಿದರನ್ನು ತಿಂದುಹಾಕುತ್ತಿದೆ. ಕೋರ್ಟಿನ ವಾದ ಪ್ರತಿವಾದ ಕೇಳಲು ಮನೆಮಂದಿಯೆಲ್ಲ ಟಿವಿ ಮುಂದೆ ಕೂರುತ್ತಿದ್ದ ಕಾಲ ನಮ್ಮಲ್ಲೂ ಇತ್ತು. ನೋಡುಗರಿಗೆ ತಲೆ ಓಡಿಸೋದು ಬೇಡ ಅಂತ ಯಾರು ತೀರ್ಮಾನ ಮಾಡಿದರೋ ಏನೋ. ದುಡ್ಡಿನ ನೆಪ ಹೇಳಬೇಡಿ. ನಾನು ಹೇಳುತ್ತಿರುವ ಈ ಧಾರಾವಾಹಿ ದೊಡ್ಡ ತಾರೆಯರಿಲ್ಲದೆ, ಸಣ್ಣ ಬಂಡವಾಳದಲ್ಲಿ ತಯಾರಾದದ್ದು. ಒಬ್ಬರಿಂದೊಬ್ಬರಿಗೆ ಬಾಯಿಮಾತಲ್ಲೇ ಹಬ್ಬಿ ಗೆದ್ದಿತು.

ಸರಕಿನ ಮಾತು ಹೇಳಿದ್ದೆನಲ್ಲ. 14ನೇ ಶತಮಾನದಲ್ಲಿ, ವಿಜಯನಗರದ ಮೊದಲ ದಿನಗಳಲ್ಲಿ, ಮಂಗರಾಜ ‘ಖಗೇಂದ್ರಮಣಿದರ್ಪಣ’ ಬರೆದ. ಇಡೀ ಪುಸ್ತಕ ವಿಷ ಮತ್ತು ಅದರ ಚಿಕಿತ್ಸೆಯ ಬಗ್ಗೆ, ಅದೂ ಕನ್ನಡ ಪದ್ಯದಲ್ಲಿ. ಗಿಡ, ಬೇರು, ಖನಿಜದ ವಿಷ ಒಂದು ಬಗೆ, ಹಾವು ಚೇಳುಗಳ ವಿಷ ಇನ್ನೊಂದು ಬಗೆ. ಅದಕ್ಕೂ ಮುಂಚೆ, ಚಾಲುಕ್ಯರ ಕಾಲದಲ್ಲೇ ಕೀರ್ತಿವರ್ಮ ದನಗಳ ವೈದ್ಯದ ಬಗ್ಗೆ ‘ಗೋವೈದ್ಯ’ ಬರೆದಿದ್ದ. ಇವುಗಳ ಹೆಸರನ್ನು ನಾವು ಶಾಲೆಯ ಪರೀಕ್ಷೆಗೆ ಉರು ಹೊಡೆದೆವು, ಅಲ್ಲಿಗೆ ಬಿಟ್ಟೆವು.

ಕೊಲೆಯ ಸಂಚು ಬೇಕಾ? ಅದೂ ಇದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಬರೆದಿಟ್ಟಿದ್ದಾನೆ. ಎರಡನೇ ದೇವರಾಯನ ತಮ್ಮ ಹೊಸ ಮನೆ ಕಟ್ಟಿಸಿ, ದೊಡ್ಡ ದೊಡ್ಡವರನ್ನು ಔತಣಕ್ಕೆ ಕರೆಯುತ್ತಾನೆ. ಹೊರಗೆ ವಾದ್ಯಗಳ ಅಬ್ಬರ. ಒಬ್ಬೊಬ್ಬರನ್ನೇ ಒಳಗೆ ಕರೆಸಿ ಕೊಲ್ಲಿಸುತ್ತಾನೆ, ಹೊರಗಿದ್ದವರಿಗೆ ಏನೂ ಕೇಳಿಸುವುದಿಲ್ಲ. ಆಮೇಲೆ ಅರಮನೆಗೇ ಹೋಗಿ ಅಣ್ಣನಿಗೆ ಇರಿಯುತ್ತಾನೆ. ದೇವರಾಯ ಬದುಕುತ್ತಾನೆ. ಮುಂದಿನ ಶತಮಾನದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಕೂಡ ವಿಜಯನಗರದ ಅರಸನೊಬ್ಬನ ಮೇಲೆ ಇಂಥದೇ ದಾಳಿ ಆಯಿತು ಅಂತ ಬರೆದಿದ್ದಾನೆ. ಅವನ ಪ್ರಕಾರ ಕಠಾರಿಗೆ ವಿಷ ಸವರಿತ್ತು.

ಗಾಯಗೊಂಡ ಅರಸ, ಯಾವ ವಿಷ ಅಂತ ಗೊತ್ತಿಲ್ಲ, ಮಂಗರಾಜನ ಪದ್ಯಗಳನ್ನು ಬಾಯಿಪಾಠ ಮಾಡಿದ ಒಬ್ಬಳು ವೈದ್ಯರ ಮನೆಯ ಹುಡುಗಿ. ಬಳ್ಳಾರಿ ಕಡೆಯ ಮಾತಿನಲ್ಲಿ ಬರೆಯಿರಿ. ಇಪ್ಪತ್ತು ಕಂತು ಸಾಕು. ಸಿಂಗಪುರದ ನಮ್ಮ ಕನ್ನಡ ಮನೆಗಳಲ್ಲಿ ಚಂದಾ ಕಟ್ಟಿ ನೋಡುವವರು ಸಿಗುತ್ತಾರೆ. ಸಬ್‌ಟೈಟಲ್ ಇದ್ದರೆ ಪಕ್ಕದ ಮನೆಯ ಆಂಟಿಯೂ ನೋಡುತ್ತಾರೆ, ಅವರನ್ನು ಒಪ್ಪಿಸುವ ಕೆಲಸ ನನಗೆ ಬಿಡಿ.