ದಬ್ಬೆ ಮೇಲೆ ರೇಸು, ಮಕ್ಕಳ ಹೆಸರಿನಲ್ಲಿ

ಶಿರಸಿ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಅಪ್ಪನಿಂದ ಮಗನಿಗೆ ಬರುವುದು ಸಾಮಾನ್ಯವಾಗಿ ಎರಡು: ತೋಟ, ಮತ್ತು ತೋಟದ ಗಡಿ ತಕರಾರು. ನಮ್ಮನೆಯಲ್ಲಿ ಮೂರನೆಯದೂ ಒಂದು ಬಂದಿದೆ. ಗೇಣುದ್ದದ ಮರದ ರೇಸು ಕಾರು ಮಾಡುವ ಹುಚ್ಚು. ಅಜ್ಜನಿಗೆ ಇತ್ತು, ಅಪ್ಪಯ್ಯನಿಗೆ ಬಂತು, ಚಿಕ್ಕಪ್ಪನಿಗೆ ಪಾಲಿಗಿಂತ ಸ್ವಲ್ಪ ಜಾಸ್ತಿಯೇ ಬಂತು. ಬೆಂಗಳೂರಿನಲ್ಲಿರುವ ನಮ್ಮಣ್ಣನಿಗೆ ರಜೆ ಸಿಕ್ಕಾಗ ಮಾತ್ರ ಕೆರಳುತ್ತದೆ.

ದೊಡ್ಡಹಬ್ಬದ ದಿನ, ಅಂದರೆ ಬಲಿಪಾಡ್ಯಮಿಯಂದು, ಗೋಪೂಜೆ ಮುಗಿದು ಊಟಕ್ಕೆ ಬಾಳೆ ಹಾಕುವುದರೊಳಗೆ ರೇಸು. ಟ್ರ್ಯಾಕು ಅಡಿಕೆ ಮರ ಸೀಳಿದ ದಬ್ಬೆಯದು. ಒಂದು ಕಾಲಕ್ಕೆ ಗುಡ್ಡದಿಂದ ಮನೆಗೆ ಅಬ್ಬಿ ನೀರು ತರುತ್ತಿದ್ದ, ತಿರುಳು ಕೆತ್ತಿದ ದಬ್ಬೆಗಳು ಪೈಪು ಬಂದ ಮೇಲೆ ಕೊಟ್ಟಿಗೆ ಅಟ್ಟ ಸೇರಿದ್ದವು. ಅವನ್ನು ಜಗಲಿಯಿಂದ ಅಂಗಳಕ್ಕೆ ಇಳಿಜಾರಾಗಿ ಜೋಡಿಸಿದರೆ ಕಾರು ಅತ್ತಿತ್ತ ಹೊರಳದೆ ಬರುತ್ತದೆ. ಎಂಜಿನ್ ಇಲ್ಲ, ಬ್ಯಾಟರಿ ಇಲ್ಲ, ಕೀಲಿ ಕೊಡುವುದೂ ಇಲ್ಲ. ಮೇಲೆ ಬಿಟ್ಟದ್ದು ಕೆಳಗೆ ಬರಬೇಕು, ಅಷ್ಟೇ. ಅಷ್ಟನ್ನೂ ಮಾಡದ ಕಾರುಗಳು ನಮ್ಮಲ್ಲಿ ಆಗಿಹೋಗಿವೆ.

ಸ್ಪರ್ಧೆ ಮಕ್ಕಳದ್ದು ಎಂಬುದು ಮೊದಲ ನಿಯಮ. ಒಂದೊಂದು ಕಾರಿಗೂ ಒಂದೊಂದು ಮಗುವಿನ ಹೆಸರು. ಕೆತ್ತುವವರು, ಉಜ್ಜುವವರು, ಮೊಳೆ ಹೊಡೆಯುವವರು, ಸೋತಾಗ ಜಗಳಾಡುವವರು ಎಲ್ಲ ದೊಡ್ಡವರು. "ತಮಾ, ಸುತ್ತಿಗೆ ಕೊಡು" ಮತ್ತು "ತಮಾ, ಅದನ್ನ ಮುಟ್ಟಡ" ಎಂಬ ಎರಡು ವಾಕ್ಯಗಳ ನಡುವೆಯೇ ನನ್ನ ರೇಸು ಬದುಕು ಮುಗಿದುಹೋಯಿತು. ನನ್ನ ಹೆಸರಿನ ಕಾರು ಒಂದು ವರ್ಷ ಗೆದ್ದದ್ದೂ ಉಂಟಂತೆ. ಅಷ್ಟೊತ್ತಿಗೆ ನನ್ನನ್ನು ಬಾಳೆಎಲೆ ಕೊಯ್ಯಲು ಕಳಿಸಿದ್ದರು.

ಅಜ್ಜ ಜೀವಮಾನದಲ್ಲಿ ಕಾರು ರೇಸು ಕಂಡವನಲ್ಲ. ಮದರಾಸಿನ ಹತ್ತಿರ ಶೋಳಾವರಂನಲ್ಲಿ, ಯುದ್ಧಕಾಲದ ವಿಮಾನದ ರನ್‌ವೇ ಮೇಲೆ ರೇಸು ನಡೆಯುತ್ತಿತ್ತಲ್ಲ, ಅದರದೊಂದು ಚಿತ್ರ ಅವನಿಗೆ ಸಿಕ್ಕಿತ್ತು. ಸಿಕ್ಕಿದ್ದು ಪೇಟೆಯಿಂದ ಸಾಮಾನು ಕಟ್ಟಿಸಿಕೊಂಡು ಬಂದ ಹಳೇ ಪೇಪರಿನಲ್ಲಿ. ಚಿತ್ರದ ಮುಂದಿನ ಅರ್ಧ ಮಾತ್ರ ನಮ್ಮನೆಗೆ ಬಂದಿತ್ತು, ಹಿಂದಿನ ಅರ್ಧ ಇನ್ಯಾರದೋ ಮನೆಯ ಬೆಲ್ಲಕ್ಕೆ ಸುತ್ತಿಕೊಂಡು ಹೋಗಿತ್ತು. ಅಜ್ಜ ಎದೆಗುಂದಲಿಲ್ಲ. ಹಿಂದಿನದನ್ನು ಕೊಟ್ಟಿಗೆ ಪಕ್ಕ ನಿಂತಿದ್ದ ಎತ್ತಿನ ಗಾಡಿ ನೋಡಿ ಪೂರೈಸಿದ. ಹಾಗಾಗಿ ನಮ್ಮ ಮನೆತನದ ಕಾರುಗಳೆಲ್ಲ ಇವತ್ತಿಗೂ ಮುಂದಿನಿಂದ ನೋಡಿದರೆ ಶೋಳಾವರಂ, ಹಿಂದಿನಿಂದ ನೋಡಿದರೆ ಗೊಬ್ಬರ ಹೇರಲು ಹೊರಟ ಗಾಡಿ. ಹಲಸಿನ ಮರ, ಕೆಮ್ಮಣ್ಣಿನ ಬಣ್ಣ, ಮೇಲೆ ಶೇಡಿ ಮಣ್ಣಿನ ಬಿಳಿ ಗೆರೆ.

ಚಕ್ರ ಸರಾಗ ತಿರುಗಲಿ ಎಂದು ಅಜ್ಜ ಹಬ್ಬದ ಹಿಂದಿನ ರಾತ್ರಿ ಅಚ್ಚಿಗೆ ತೆಂಗಿನೆಣ್ಣೆ ಹಾಕಿ ಕಾರನ್ನು ಜಗಲಿಯಲ್ಲಿಟ್ಟು ಮಲಗಿದ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಕಾರ್ತಿಕದ ಶುರುವಿನ ನಮ್ಮೂರ ಬೆಳಗಿಗೆ ಅದರ ಪರಿವೆ ಇಲ್ಲ. ಬೆಳಿಗ್ಗೆ ನೋಡಿದರೆ ನಾಲ್ಕೂ ಚಕ್ರ ಬೆಸುಗೆ ಹಾಕಿದಂತೆ ಕೂತಿದ್ದವು. ದಬ್ಬೆ ಮೇಲೆ ಬಿಟ್ಟರೆ ಕಾರು ಉರುಳಲಿಲ್ಲ, ನಾಲ್ಕು ಮೊಳ ಜಾರಿ ಅಲ್ಲೇ ನಿಂತಿತು. "ಗಾಡಿ ಸಮಾ ಇದ್ದು, ಇಳುಕಲೇ ಸಾಲ್ತಿಲ್ಲೆ" ಅಂದ ಅಜ್ಜ. ದಬ್ಬೆಯ ತುದಿಯನ್ನು ಎತ್ತಿ ಎತ್ತಿ ಜಗಲಿಯ ಕಂಬಕ್ಕೆ ಕಟ್ಟಿದರೂ ಕಾರು ಜಪ್ಪಯ್ಯ ಅನ್ನಲಿಲ್ಲ. ಕಡೆಗೆ ಹಸಿವಾಗಿ ಎಲ್ಲರೂ ಊಟಕ್ಕೆ ಕೂತರು. ಪಾಯಸ ಬಡಿಸುವ ಹೊತ್ತಿಗೆ ಬಿಸಿಲು ದಬ್ಬೆಗೆ ಬಿತ್ತು, ಎಣ್ಣೆ ಕರಗಿತು, ಅಂಗಳದಲ್ಲಿ ಗಡಗಡ ಸದ್ದು. "ಬಂತಲಾ!" ಎಂದು ಅಜ್ಜ ಎಂಜಲು ಕೈಯಲ್ಲೇ ಎದ್ದು ಓಡಿದನಂತೆ. ಪ್ರತಿಸ್ಪರ್ಧಿ ಕಾರುಗಳು ಬೆಳಿಗ್ಗೆಯೇ ಗೆರೆ ದಾಟಿಯಾಗಿತ್ತು. ಆದರೆ ಯಾವ ದಿನದೊಳಗೆ ದಾಟಬೇಕೆಂಬ ನಿಯಮ ಎಲ್ಲೂ ಇಲ್ಲ ಎಂದು ಅಜ್ಜ ಸಾಯುವವರೆಗೂ ವಾದಿಸುತ್ತಿದ್ದ.

ಅಪ್ಪಯ್ಯ ಬಂದವನೇ ಮರದ ಚಕ್ರ ಬಿಟ್ಟು ರಬ್ಬರಿಗೆ ಹೋದ. ರಬ್ಬರು ಎಂದರೆ ಹವಾಯಿ ಚಪ್ಪಲಿ. ಹಿಮ್ಮಡಿಯ ಕಡೆ ಕೊಳವೆ ಒತ್ತಿ ತಿರುವಿದರೆ ಗುಂಡನೆ ಬಿಲ್ಲೆ ಬರುತ್ತದೆ. ಚಪ್ಪಲಿಗೊಂದರಂತೆ ತೆಗೆದರೆ ಉಳಿದ ಚಪ್ಪಲಿ ಇನ್ನೊಂದು ವರ್ಷ ಬಾಳಿಕೆ ಬರುತ್ತದೆ ಎಂಬುದು ಅವನ ಲೆಕ್ಕ. ಆ ವರ್ಷ ಗಡಿಬಿಡಿಯಲ್ಲಿ ಜಗಲಿ ಕೆಳಗಿದ್ದ ಯಾವುದೋ ಜೋಡಿಗೆ ಕೊಳವೆ ಒತ್ತಿದ್ದಾನೆ. ಅದು ಪೂಜೆಗೆ ಬಂದ ಭಟ್ಟರದ್ದು. ಪೂಜೆ, ದಕ್ಷಿಣೆ ಎಲ್ಲ ಮುಗಿಸಿ ಭಟ್ಟರು ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದರು, ಹಿಮ್ಮಡಿಗೆ ನೆಲದ ಬಿಸಿ ನೇರವಾಗಿ ತಾಗಿತು. ಬಗ್ಗಿ ನೋಡಿದರು. ಆಮೇಲೆ ದಬ್ಬೆ ಮೇಲೆ ಓಡುತ್ತಿದ್ದ ಕಾರನ್ನು ನೋಡಿದರು. ಚಕ್ರದಲ್ಲಿ ಅವರ ಚಪ್ಪಲಿಯ ನೀಲಿ. ಏನೂ ಅನ್ನಲಿಲ್ಲ ಪಾಪ. ಮರುವರ್ಷದಿಂದ ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡು ಒಳಗೆ ಬರತೊಡಗಿದರು.

ಇಲ್ಲಿಯವರೆಗೆ ಹುಚ್ಚು ಸ್ವದೇಶಿಯಾಗಿತ್ತು. ಕೆಡಿಸಿದ್ದು ಅಮೆರಿಕದಲ್ಲಿರುವ ಅತ್ತೆಯ ಮಗ. ಅವನು ರಜೆಗೆ ಬರುವಾಗ ಡಬ್ಬಿಯೊಂದನ್ನು ತಂದ: ಒಂದು ಮರದ ತುಂಡು, ನಾಲ್ಕು ಮೊಳೆ, ನಾಲ್ಕು ಪ್ಲಾಸ್ಟಿಕ್ ಚಕ್ರ. ಅಲ್ಲಿ ಇದಕ್ಕೆ ಪೈನ್‌ವುಡ್ ಡರ್ಬಿ ಅನ್ನುತ್ತಾರಂತೆ. ಅಲ್ಲಿನ ಮಕ್ಕಳು ತಾವೇ ಒಳಗೆ ಕೂತು ಇಳಿಜಾರಲ್ಲಿ ಬಿಡುವ ಸೋಪ್ ಬಾಕ್ಸ್ ಕಾರುಗಳ ರೇಸು 1934ರಿಂದಲೇ ಇದೆ. ಕ್ಯಾಲಿಫೋರ್ನಿಯಾದ ಡಾನ್ ಮರ್ಫಿ ಎಂಬುವರ ಮಗನಿಗೆ ಅದಕ್ಕೆ ಸೇರುವ ವಯಸ್ಸಾಗಿರಲಿಲ್ಲ. ಅದಕ್ಕೇ ಅಪ್ಪ 1953ರಲ್ಲಿ ಕಬ್ ಸ್ಕೌಟ್, ಅಂದರೆ ಸ್ಕೌಟ್‌ನ ಪುಟಾಣಿ ದಳದ ಮಕ್ಕಳಿಗಾಗಿ ಈ ಪುಟ್ಟ ಕಾರಿನ ರೇಸು ಶುರು ಮಾಡಿದರು. ಅಪ್ಪ ಮಗ ಒಟ್ಟಿಗೆ ಕೂತು ಮಾಡಲಿ ಎಂಬ ಸದುದ್ದೇಶ. ಮರದ ತುಂಡನ್ನು ಉಗುರಲ್ಲಿ ಒತ್ತಿ ನೋಡಿದ ಅಪ್ಪಯ್ಯ, "ಇಷ್ಟು ಮೆತ್ತಗಿನ ಮರ ನಾವು ಒಲೆಗೂ ಹಾಕ್ತ್ವಿಲ್ಲೆ" ಎಂದು ಪಕ್ಕಕ್ಕಿಟ್ಟ. ಆದರೆ ಡಬ್ಬಿಯ ಜೊತೆ ಬಂದ ನಿಯಮ ಮಾತ್ರ ಮನೆಯಲ್ಲಿ ಉಳಿಯಿತು: ಕಾರಿನ ತೂಕ 5 ಔನ್ಸ್ ಮೀರಬಾರದು, ಅಂದರೆ ಸುಮಾರು 142 ಗ್ರಾಂ. ಅಡಿಕೆ ತೂಗುವ ಕಾಟಕ್ಕೆ 142 ಗ್ರಾಂ ಇಟ್ಟರೆ ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅತ್ತಿಗೆ ಕೇಕು ಮಾಡಲು ತಂದಿದ್ದ ಸಣ್ಣ ತಕ್ಕಡಿ ಅಂದಿನಿಂದ ಸರಕಾರಿ ಸ್ವತ್ತಾಯಿತು.

ನಿಯಮ ಬಂದ ಮೇಲೆ ಚಿಕ್ಕಪ್ಪನ ಬುದ್ಧಿ ಚುರುಕಾಯಿತು. ದೇವಿಮನೆ ಘಾಟಿ ಇಳಿದು ಕುಮಟೆಗೆ ಹೋಗಿ ಮೀನು ಬಲೆಗೆ ಕಟ್ಟುವ ಸೀಸದ ಗುಂಡು ತಂದ. ಭಾರ ಇದ್ದಷ್ಟೂ ಗಾಳಿಯ ತಡೆ ಕಾರನ್ನು ಕಡಿಮೆ ಹಿಡಿಯುತ್ತದೆ, ಆ ಭಾರ ಹಿಂಬದಿಗಿದ್ದರೆ ಇಳಿಜಾರಿನಲ್ಲಿ ಇನ್ನೂ ಮೇಲಿನಿಂದ ಬಿದ್ದಷ್ಟು ಲಾಭ. ಇದು ನಿಜವೇ. ಸೀಸ ಮುಟ್ಟಿದ ಕೈಯಲ್ಲಿ ಚಕ್ಕುಲಿ ಡಬ್ಬಿಗೆ ಕೈ ಹಾಕಿದ್ದಕ್ಕೆ ಆಯಿಯಿಂದ, ಅಂದರೆ ನಮ್ಮ ತಾಯಿಯಿಂದ, ಬೈಸಿಕೊಂಡದ್ದೂ ನಿಜವೇ.

ಅದರಿಂದ ತೃಪ್ತಿಯಾಗದೆ ಅವನು ಎಲ್ಲಿಯೋ 1973ರ ಕತೆ ಓದಿದ. ಆ ವರ್ಷ ಅಮೆರಿಕದ ಸೋಪ್ ಬಾಕ್ಸ್ ರೇಸಿನಲ್ಲಿ ಗೆದ್ದ 14 ವರ್ಷದ ಹುಡುಗನ ಕಾರಿನ ಮೂತಿಯಲ್ಲಿ ವಿದ್ಯುತ್ ಅಯಸ್ಕಾಂತ ಸಿಕ್ಕಿತ್ತು. ರೇಸು ಬಿಡುವಾಗ ಎದುರಿನ ಕಬ್ಬಿಣದ ತಡೆ ಮುಂದಕ್ಕೆ ಬೀಳುತ್ತದೆ, ಅಯಸ್ಕಾಂತ ಅದರ ಜೊತೆಗೆ ಕಾರನ್ನೂ ಎಳೆಯುತ್ತದೆ. ಕಾರಿಗೆ ಎಕ್ಸ್‌ರೇ ತೆಗೆಸಿ ಹಿಡಿದು ಬಹುಮಾನ ಕಿತ್ತುಕೊಂಡರು. ತಲೆ ಓಡಿಸಿದ್ದು ಯಾರು ಎಂದರೆ ಹುಡುಗನ ಅಂಕಲ್! ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಚಿಕ್ಕಪ್ಪನಿಗೆ ಮಾತ್ರ ಏಳು ಸಮುದ್ರದಾಚೆ ಒಬ್ಬ ಸೋದರ ಸಿಕ್ಕಿದ ಸಂತೋಷ.

ನಮ್ಮಲ್ಲಿ ತಡೆಗೆ ಕಬ್ಬಿಣ ಬೇಕಲ್ಲ, ಆಯಿಯ ದೋಸೆ ಕಾವಲಿ ಬಂತು. ಹಳೇ ರೇಡಿಯೋ ಸ್ಪೀಕರಿನ ಅಯಸ್ಕಾಂತ ಕಾರಿನ ಮೂತಿ ಸೇರಿತು. ಗುಟ್ಟು ಯಾರಿಗೂ ಗೊತ್ತಿಲ್ಲ ಎಂದು ಚಿಕ್ಕಪ್ಪ ಮೀಸೆಯಲ್ಲೇ ನಗುತ್ತಿದ್ದ. ಆದರೆ ಅಮೆರಿಕದಲ್ಲಿ ತಡೆ ಮುಂದಕ್ಕೆ ಬೀಳುತ್ತದೆ, ನಮ್ಮಲ್ಲಿ ಅಪ್ಪಯ್ಯ ಅದನ್ನು ಮೇಲಕ್ಕೆ ಎತ್ತುತ್ತಾನೆ. "ಒಂದು, ಎರಡು, ಮೂರು" ಎಂದು ಕಾವಲಿ ಎತ್ತಿದ. ಉಳಿದ ಕಾರುಗಳು ಕೆಳಗೆ ಹೋದವು. ಚಿಕ್ಕಪ್ಪನದು ಕಾವಲಿಗೆ ಕಚ್ಚಿಕೊಂಡು ಅಪ್ಪಯ್ಯನ ಮುಖದೆದುರು ನೇತಾಡತೊಡಗಿತು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಯಿ ಬಂದು ಕಾವಲಿಯನ್ನು ಕಾರಿನ ಸಮೇತ ಅಡಿಗೆಮನೆಗೆ ಒಯ್ದಳು.

ಈ ಸಲ ಅಣ್ಣನ ಸರದಿ. ರೇಸು ಕಾರುಗಳಿಗೆ ಕಾರ್ಬನ್ ಫೈಬರ್ ಬೇಕೆಂದು ಅವನ ಹಟ. ಫಾರ್ಮುಲಾ ಒನ್‌ನಲ್ಲಿ ಮೆಕ್ಲಾರೆನ್‌ನವರು 1981ರಲ್ಲೇ ಇಡೀ ಕಾರಿನ ಒಡಲನ್ನು ಅದರಲ್ಲಿ ಮಾಡಿದ್ದರು ಎಂದು ಊಟಕ್ಕೆ ಕೂತಲ್ಲೂ ಅದೇ ಮಾತು. ಶಿರಸಿಯಲ್ಲಿ ಕಾರ್ಬನ್ ಫೈಬರ್ ಎಲ್ಲಿಂದ ಬರಬೇಕು? ಇದೆ. ಈಚೆಗೆ ಮರ ಹತ್ತದೆ ಅಡಿಕೆ ಗೊನೆ ಕೊಯ್ಯಲು ಬಂದಿರುವ ಉದ್ದನೆಯ ದೋಟಿ ಅದರದ್ದೇ. ಅಪ್ಪಯ್ಯ ಸಾಲ ಮಾಡಿ ತಂದು, ಮಗುವಿಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದ ದೋಟಿ. ಹಬ್ಬದ ಮುನ್ನಾದಿನ ತೋಟದಿಂದ ಅವನ ಕೂಗು ಕೇಳಿತು: "ದೋಟಿ ಎಂಥಕ್ಕೋ ಗಿಡ್ಡ ಆಯ್ದು?" ಅಣ್ಣ ಕೊಟ್ಟಿಗೆ ಹಿಂದೆ ಪಾಲಿಶ್ ಪೇಪರ್ ಉಜ್ಜುತ್ತ ಕೂತಿದ್ದ. ಪಕ್ಕದಲ್ಲಿ ಅವನ ಮಗಳು ಸ್ಕ್ರೂ ಡ್ರೈವರ್ ಹಿಡಿದು ನಿಂತಿದ್ದಳು. ಕಾರು ಅವಳ ಹೆಸರಿನದು.

ಎಷ್ಟು ಹೊತ್ತೆಂದು ನಿಂತಾಳು? ಕೂಸು ಅಡಿಗೆಮನೆಗೆ ಹೋಗಿ, ಬಾಳೆನಾರಿನಲ್ಲಿ ತೂಗುಹಾಕಿದ್ದರಲ್ಲಿ ಒಂದು ಸಣ್ಣ ಮೊಗೆಕಾಯಿ (ಸಾಂಬಾರು ಸೌತೆ) ಇಳಿಸಿಕೊಂಡಳು. ಬೀಜ ತೋಡಿದಳು, ಹಿಡಿಕಡ್ಡಿ ಚುಚ್ಚಿದಳು, ಬಾಟಲಿ ಮುಚ್ಚಳ ಸಿಕ್ಕಿಸಿದಳು. ಯಾರನ್ನೂ ಕೇಳಲಿಲ್ಲ. ಮರುದಿನ ಅದು ದಬ್ಬೆಯ ಆಚೀಚೆ ಬಡಿಯುತ್ತ, ನೀರು ಸೋರಿಸುತ್ತ ಬಂದು ಕಾರ್ಬನ್ ಫೈಬರನ್ನು ಹಿಂದೆ ಹಾಕಿತು.

"ತೂಕ! ತೂಕ ನೋಡವು!" ಎಂದು ಮೊದಲು ಕೂಗಿದವನು ಚಿಕ್ಕಪ್ಪ, ಅಯಸ್ಕಾಂತದ ಚಿಕ್ಕಪ್ಪ. ಅಣ್ಣ ತಕ್ಕಡಿ ತರಲು ಒಳಗೆ ಓಡಿದ, ಸ್ವಂತ ಮಗಳ ವಿರುದ್ಧ. ಅವನು ಹೊರಬರುವುದರೊಳಗೆ ಅಂಗಳದಲ್ಲಿ ಅಡಿಕೆ ಮಾಲೆ, ಪಚ್ಚೆತೆನೆ ಹಾಕಿಕೊಂಡು ಸಂಭ್ರಮದಲ್ಲಿದ್ದ ಗೌರಿ ಆಕಳು ಮೂತಿ ಚಾಚಿ ಕಾರನ್ನು ಬಾಯಿಗೆ ಹಾಕಿಕೊಂಡಾಗಿತ್ತು. ಉಳಿದದ್ದು ನಾಲ್ಕು ಮುಚ್ಚಳ.

"ಈಗ ತೂಕ ನೋಡವು ಅಂದ್ರೆ ಗೌರಿನ್ನೇ ಕಾಟಕ್ಕೆ ಹತ್ತಿಸವು" ಅಂದ ಅಪ್ಪಯ್ಯ.

"ಹತ್ತಿಸನ. ಮದ್ಲಿನ ತೂಕ ಗೊತ್ತಿದ್ರೆ ಕಳದ್ರಾತು" ಎಂದು ಚಿಕ್ಕಪ್ಪ ಲುಂಗಿ ಎತ್ತಿ ಕಟ್ಟಿದ.

"ಅವಳು ಬೆಳಿಗ್ಗೆಯಿಂದ ರೊಟ್ಟಿನೂ ತಿಂದಿದ್ದಾಳೆ ಚಿಕ್ಕಜ್ಜ, ಅದನ್ನೂ ಕಳೀಬೇಕು" ಎಂದು ಕೂಸು ನೆನಪಿಸಿದಳು.