ವಯಸ್ಸಾದವರ ಮೆದುಳು ಎರಡೂ ಪಕ್ಕ ದುಡಿಯುತ್ತೆ, ಅದು ಒಳ್ಳೇ ಲಕ್ಷಣಾನಾ? (ಪರ-ವಿರೋಧ)

ಇಪ್ಪತ್ತರ ಆಸುಪಾಸಿನವರನ್ನೂ ಎಪ್ಪತ್ತರ ಹಿರಿಯರನ್ನೂ ಸ್ಕ್ಯಾನರ್ ಒಳಗೆ ಮಲಗಿಸಿ ಒಂದೇ ನೆನಪಿನ ಪರೀಕ್ಷೆ ಕೊಟ್ಟಾಗ, ಚಿಕ್ಕವರಲ್ಲಿ ಹಣೆಯ ಹಿಂದಿನ ಭಾಗ, ಅಂದ್ರೆ ಪ್ರೀಫ್ರಂಟಲ್ ಕಾರ್ಟೆಕ್ಸ್, ಹೆಚ್ಚಾಗಿ ಒಂದು ಪಕ್ಕದಲ್ಲಿ ಕೆಲಸ ಮಾಡುತ್ತೆ, ಹಿರಿಯರಲ್ಲಿ ಬಹಳ ಸಲ ಎರಡೂ ಪಕ್ಕ. ಇದನ್ನ ಬೇರೆ ಬೇರೆ ಲ್ಯಾಬ್‌ಗಳು ಮತ್ತೆ ಮತ್ತೆ ಕಂಡಿವೆ, ಇದರ ಬಗ್ಗೆ ತಕರಾರು ಕಮ್ಮಿ. ತಕರಾರು ಇರೋದು ಅರ್ಥದ ಬಗ್ಗೆ: ಈ ಹೆಚ್ಚುವರಿ ಕೆಲಸ ಮೆದುಳು ತನ್ನ ಕೊರತೆಯನ್ನ ತಾನೇ ತುಂಬಿಕೊಳ್ತಿದೆ ಅನ್ನೋದಕ್ಕೆ ಸಾಕ್ಷಿನಾ?

ಪರ: ಹೌದು, ಮೆದುಳು ದಾರಿ ಹುಡುಕಿಕೊಳ್ತಿದೆ

ಅರವತ್ತಕ್ಕೆ ಅರಳು ಮರಳು ಅಂತ ನಾವು ಎಷ್ಟು ಸಲೀಸಾಗಿ ಹೇಳಿಬಿಡ್ತೀವಿ. ಮನೇಲಿ ಹಿರಿಯರು ಒಂದು ಹೆಸರು ಮರೆತ್ರೆ ಸಾಕು, ಆಯ್ತು ಇವರ ಕಥೆ ಅನ್ನೋ ಹಾಗೆ ಮಾತಾಡ್ತಾರೆ. ಮೆದುಳು ಸವೆಯುತ್ತೆ ಅನ್ನೋದು ಸುಳ್ಳಲ್ಲ, ಅದನ್ನ ಒಪ್ಪಿಕೊಂಡೇ ಶುರು ಮಾಡೋಣ. ವಯಸ್ಸಾದ ಹಾಗೆ ಪ್ರೀಫ್ರಂಟಲ್ ಭಾಗ ಕುಗ್ಗುತ್ತೆ, ಹೊಸ ನೆನಪು ಕೂಡಿಡೋ ಹಿಪೊಕ್ಯಾಂಪಸ್ ಕುಗ್ಗುತ್ತೆ, ಭಾಗ ಭಾಗಗಳ ನಡುವಿನ ನರತಂತುಗಳು ಸೊರಗ್ತವೆ, ಯೋಚನೆಯ ವೇಗ ಇಳಿಯುತ್ತೆ. ಇಷ್ಟೆಲ್ಲಾ ಆದ್ರೂ ಎಪ್ಪತ್ತರ ಎಷ್ಟೋ ಜನ ಲೆಕ್ಕಪತ್ರ ನೋಡ್ಕೊಳ್ತಾರೆ, ಪಾಠ ಹೇಳ್ತಾರೆ, ಪದಸಂಪತ್ತಿನಲ್ಲಿ ಮೊಮ್ಮಕ್ಕಳನ್ನ ಮೀರಿಸ್ತಾರೆ. ಸವೆದಿರೋ ಅಂಗ ಇಷ್ಟು ಕೆಲಸ ಹೇಗೆ ಮಾಡ್ತಿದೆ ಅನ್ನೋದೇ ಕೇಳಬೇಕಾದ ಪ್ರಶ್ನೆ.

1990ರ ದಶಕದ ಪೆಟ್ ಸ್ಕ್ಯಾನ್‌ಗಳಲ್ಲಿ, ಅಂದ್ರೆ ಮೆದುಳಿನ ಯಾವ ಭಾಗ ಕೆಲಸದಲ್ಲಿದೆ ಅಂತ ತೋರಿಸೋ ಸ್ಕ್ಯಾನ್‌ಗಳಲ್ಲಿ, ಇದಕ್ಕೆ ಮೊದಲ ಸುಳಿವು ಸಿಕ್ತು. 1997ರಲ್ಲಿ ಮೆದುಳಿನ ಸಂಶೋಧಕ ರಾಬರ್ಟೊ ಕಬೇಜಾ ಮತ್ತು ಜೊತೆಗಾರರು ತೋರಿಸಿದ್ದು ಇದು: ನೆನಪು ಹೊರಗೆ ತೆಗೆಯೋವಾಗ ಚಿಕ್ಕವರಲ್ಲಿ ಬಲಗಡೆಯ ಪ್ರೀಫ್ರಂಟಲ್ ಮುಖ್ಯ, ಹಿರಿಯರಲ್ಲಿ ಎಡಗಡೆಯದ್ದೂ ಸೇರಿಕೊಳ್ಳುತ್ತೆ. 2000ದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ರಾಯ್ಟರ್-ಲೊರೆನ್ಸ್ ತಂಡ ಇದನ್ನೇ ಅಲ್ಪಾವಧಿ ನೆನಪಿನಲ್ಲಿ ಕಂಡಿತು, ಅಕ್ಷರ ನೆನಪಿಡೋಕೆ ಚಿಕ್ಕವರು ಎಡ, ಜಾಗ ನೆನಪಿಡೋಕೆ ಬಲ ಬಳಸಿದ್ರೆ, ಹಿರಿಯರು ಎರಡಕ್ಕೂ ಎರಡೂ ಬಳಸಿದ್ರು. ವಯಸ್ಸಾದ ಹಾಗೆ ಎಡ ಬಲದ ವ್ಯತ್ಯಾಸ ಕಮ್ಮಿ ಆಗುತ್ತೆ ಅನ್ನೋ, ಹೆರಾಲ್ಡ್ ಅನ್ನೋ ಚಿಕ್ಕ ಹೆಸರಿನಲ್ಲಿ ಓಡಾಡೋ ಸಿದ್ಧಾಂತ ಹುಟ್ಟಿದ್ದು ಇದರಿಂದ.

ನನಗೆ ಎಲ್ಲಕ್ಕಿಂತ ತೂಕದ್ದು ಅನ್ಸೋದು ಕಬೇಜಾ ಅವರ 2002ರ ಪ್ರಯೋಗ. ಅವರು ಹಿರಿಯರನ್ನೇ ಎರಡು ಗುಂಪು ಮಾಡಿದ್ರು, ನೆನಪಿನ ಪರೀಕ್ಷೆಯಲ್ಲಿ ಚಿಕ್ಕವರಷ್ಟೇ ಚೆನ್ನಾಗಿ ಮಾಡೋರು ಒಂದು, ಹಿಂದೆ ಬೀಳೋರು ಒಂದು. ಎರಡೂ ಪಕ್ಕ ದುಡಿಯೋದು ಬರೀ ಸವೆತದ ಗುರುತಾಗಿದ್ರೆ ಅದು ಹಿಂದೆ ಬಿದ್ದವರಲ್ಲಿ ಕಾಣಬೇಕಿತ್ತು, ಅಲ್ವಾ? ಆಗಿದ್ದು ಉಲ್ಟಾ. ಹಿಂದೆ ಬಿದ್ದವರ ಮೆದುಳು ಚಿಕ್ಕವರ ಹಾಗೇ ಒಂದೇ ಪಕ್ಕಕ್ಕೆ ಜೋತುಬಿದ್ದಿತ್ತು, ಚೆನ್ನಾಗಿ ಮಾಡಿದವರಲ್ಲಿ ಎರಡೂ ಪಕ್ಕ ದುಡೀತಿತ್ತು. ಶಿರಾಡಿ ಘಾಟ್‌ನಲ್ಲಿ ಗುಡ್ಡ ಕುಸಿದಾಗ ಬಸ್ಸುಗಳು ಚಾರ್ಮಾಡಿ ಕಡೆ ತಿರುಗ್ತವಲ್ಲ, ಇದೂ ಹಾಗೇ, ಹೊತ್ತು ಹಿಡಿಯುತ್ತೆ, ಆದ್ರೆ ಮಂಗಳೂರು ಮುಟ್ಟಿಸುತ್ತೆ.

ಸ್ಕ್ಯಾನ್ ಬರೀ ಜೊತೆಜೊತೆಗೆ ನಡೆಯೋದನ್ನ ತೋರಿಸುತ್ತೆ, ಕಾರಣ ತೋರಿಸಲ್ಲ ಅಂತ ಕೇಳೋರಿಗೆ 2004ರ ಇಟಲಿಯ ಪ್ರಯೋಗ ಇದೆ. ಸಿಮೋನೆ ರೊಸ್ಸಿ ತಂಡ ತಲೆಯ ಹೊರಗಿಂದ ಕಾಂತೀಯ ಮಿಡಿತ ಕೊಟ್ಟು ಪ್ರೀಫ್ರಂಟಲ್ ಭಾಗಕ್ಕೆ ಒಂದು ಕ್ಷಣ ಅಡ್ಡಿ ಮಾಡಿತು. ನೆನಪು ತೆಗೆಯೋವಾಗ ಚಿಕ್ಕವರಿಗೆ ಬಲಗಡೆ ಅಡ್ಡಿ ಮಾಡಿದ್ರೆ ಜಾಸ್ತಿ ತೊಂದರೆ, ವಯಸ್ಸಾದವರಿಗೆ ಯಾವ ಕಡೆ ಮಾಡಿದ್ರೂ ತೊಂದರೆ. ಅಂದ್ರೆ ಆ ಇನ್ನೊಂದು ಪಕ್ಕ ಸುಮ್ನೆ ದೀಪ ಹಚ್ಕೊಂಡು ಕೂತಿಲ್ಲ, ಅದರ ಕೈ ಕೆಲಸದಲ್ಲಿದೆ.

ಇನ್ನೊಂದು ಮಾತು, ಚಿಕ್ಕವರ ಮೆದುಳೂ ಕಷ್ಟದ ಲೆಕ್ಕ ಬಂದಾಗ ಹೆಚ್ಚು ಜಾಗ ಎಳ್ಕೊಳ್ಳುತ್ತೆ. ರಾಯ್ಟರ್-ಲೊರೆನ್ಸ್ 2008ರಲ್ಲಿ ಮುಂದಿಟ್ಟ ಕ್ರಂಚ್ ಅನ್ನೋ ವಿವರಣೆ ಹೇಳೋದು ಇದನ್ನೇ, ಹಿರಿಯರು ಆ ಹೆಚ್ಚುವರಿ ಬಲವನ್ನ ಸುಲಭದ ಹಂತದಲ್ಲೇ ಕರೀತಾರೆ, ಹೀಗಾಗಿ ತುಂಬಾ ಕಷ್ಟದ ಹಂತಕ್ಕೆ ಬರೋ ಹೊತ್ತಿಗೆ ಕೈ ಖಾಲಿ. ಈ ವಿವರಣೆಯಲ್ಲಿ ಹಿರಿಯರ ಮೆದುಳು ಬೇರೆ ಜಾತಿಯದ್ದಲ್ಲ, ನಮ್ಮೆಲ್ಲರ ಮೆದುಳೂ ಮಾಡೋದನ್ನೇ ಬೇಗ ಮಾಡ್ತಿದೆ ಅಷ್ಟೇ. 2024ರಲ್ಲಿ ಕೇಂಬ್ರಿಡ್ಜ್‌ನ ಕ್ಯಾಮ್-ಕ್ಯಾನ್ ಅನ್ನೋ ವಯಸ್ಸು ಮತ್ತು ಮೆದುಳಿನ ಅಧ್ಯಯನದ ಡೇಟಾ ಬಳಸಿ 19ರಿಂದ 87 ವರ್ಷದ 223 ಜನರ ಸ್ಕ್ಯಾನ್ ನೋಡಿದ ತಂಡಕ್ಕೆ, ಗುಂಪಿಗೆ ಸೇರದ ಚಿತ್ರ ಹುಡುಕೋ ಒಗಟುಗಳನ್ನ ಬಿಡಿಸೋವಾಗ ಹಿಂದಲೆಯ ಕ್ಯೂನಿಯಸ್ ಅನ್ನೋ ಭಾಗದಲ್ಲಿ ನಿಜವಾಗ್ಲೂ ಕೊರತೆ ತುಂಬೋ ಕೆಲಸ ಕಂಡಿತು, ಅದೂ ಬಹಳ ಕಟ್ಟುನಿಟ್ಟಿನ ಪರೀಕ್ಷೆ ಮಾಡಿದ ಮೇಲೆ.

ಸ್ಕ್ಯಾನರ್ ಆಚೆಗೂ ಇದೇ ದಿಕ್ಕಿನ ಸಾಕ್ಷಿ ಇದೆ. ಹೈದರಾಬಾದ್‌ನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಶಿಯಾ ರೋಗಿಗಳ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆ ಆಡೋರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಓದು ಬರಹ ಇಲ್ಲದವರಲ್ಲೂ ಈ ವ್ಯತ್ಯಾಸ ಇತ್ತು. ಮನೇಲಿ ತೆಲುಗು, ಅಂಗಡೀಲಿ ಕನ್ನಡ, ಪಕ್ಕದ ಮನೆಯವರ ಜೊತೆ ದಖನಿ ಅಂತ ಬದುಕು ಪೂರ್ತಿ ಭಾಷೆ ಬದಲಿಸಿದ ಮೆದುಳಿಗೆ ಬದಲಿ ದಾರಿ ಅಭ್ಯಾಸ ಆಗಿರುತ್ತೆ ಅಂತ ನಾನು ನಂಬ್ತೀನಿ. ಹಾಗಾಗಿ ಕ್ಲಿನಿಕ್‌ಗೆ ಬಂದ ಎಪ್ಪತ್ತರ ಅಮ್ಮನಿಗೆ "ವಯಸ್ಸಾಯ್ತಲ್ಲಮ್ಮ, ಇನ್ನೇನು" ಅಂತ ಹೇಳಿ ಕಳಿಸೋದನ್ನ ನಿಲ್ಲಿಸಬೇಕು, ಅವರ ತಲೆ ಒಳಗೆ ಇನ್ನೂ ಕೆಲಸ ನಡೀತಿದೆ.

ವಿರೋಧ: ಆಸೆ ಇರಲಿ, ಆದ್ರೆ ಸ್ಕ್ಯಾನ್ ಅದನ್ನ ಹೇಳ್ತಿಲ್ಲ

ಕೊನೇ ಮಾತಿಗೆ ನನ್ನ ತಕರಾರಿಲ್ಲ, ಹಿರಿಯರನ್ನ ಹಾಗೆ ಕೈಬಿಡೋದು ತಪ್ಪೇ. ಆದ್ರೆ ಅವರ ಮೇಲೆ ಗೌರವ ಇರೋದಕ್ಕೇ ನಾನು ಈ ವಾದ ಒಪ್ಪಲ್ಲ.

ಮೊದಲನೇದು ತರ್ಕದ್ದೇ ತೊಂದರೆ. ಹಿರಿಯರು ಚೆನ್ನಾಗಿ ಮಾಡಿ ಎರಡೂ ಪಕ್ಕ ದುಡಿದ್ರೆ "ಕೊರತೆ ತುಂಬಿಕೊಂಡ್ರು" ಅಂತಾರೆ, ಚೆನ್ನಾಗಿ ಮಾಡದೇ ಎರಡೂ ಪಕ್ಕ ದುಡಿದ್ರೆ "ತುಂಬಿಕೊಳ್ಳೋಕೆ ಪ್ರಯತ್ನ ಪಟ್ರು, ಸಾಲಲಿಲ್ಲ" ಅಂತಾರೆ, ಒಂದೇ ಪಕ್ಕ ದುಡಿದು ಚೆನ್ನಾಗಿ ಮಾಡಿದ್ರೆ "ತುಂಬಿಕೊಳ್ಳೋ ಅಗತ್ಯಾನೇ ಬೀಳಲಿಲ್ಲ" ಅಂತಾರೆ. ಏನು ಬಂದ್ರೂ ಸಿದ್ಧಾಂತ ಗೆಲ್ಲುತ್ತೆ ಅಂದ್ರೆ ಅದನ್ನ ಪರೀಕ್ಷೆಗೆ ಇಟ್ಟೇ ಇಲ್ಲ ಅಂತ ಅರ್ಥ. ಚಾರ್ಮಾಡಿಯಲ್ಲಿ ಬಸ್ಸು ಸಾಲುಗಟ್ಟಿ ನಿಂತಿರೋದನ್ನ ನೋಡಿ ಎಲ್ರೂ ಮಂಗಳೂರು ಮುಟ್ಟಿದ್ರು ಅಂತ ಹೇಳೋಕಾಗಲ್ಲ.

ಆ ಹೆಚ್ಚುವರಿ ಚಟುವಟಿಕೆಗೆ ಬೇರೆ ವಿವರಣೆಗಳೂ ಇವೆ, ಅವು ಅಷ್ಟು ಚಂದ ಕೇಳಿಸಲ್ಲ ಅಷ್ಟೇ. ಮೆದುಳಿನ ಎರಡು ಪಕ್ಕಗಳನ್ನ ಜೋಡಿಸೋ ಕಾರ್ಪಸ್ ಕ್ಯಾಲೋಸಮ್ ಅನ್ನೋ ನರತಂತುಗಳ ಕಟ್ಟು ಒಂದು ಪಕ್ಕ ಕೆಲಸ ಮಾಡೋವಾಗ ಇನ್ನೊಂದನ್ನ ಸುಮ್ನಿರಿಸೋದ್ರಲ್ಲೂ ಪಾಲು ವಹಿಸುತ್ತೆ, ವಯಸ್ಸಿಗೆ ಅದು ಸೊರಗಿದ್ರೆ ಇನ್ನೊಂದು ಪಕ್ಕ ಯಾರೂ ಕರೀದೇನೇ ಎದ್ದುಕೊಳ್ಳಬಹುದು. ನರಕೋಶಗಳ ನಡುವೆ ಸಂದೇಶ ಸಾಗಿಸೋ ಡೋಪಮಿನ್ ಅನ್ನೋ ರಾಸಾಯನಿಕ ಕಡಿಮೆ ಆಗ್ತಾ ಬಂದ ಹಾಗೆ ನರಕೋಶಗಳ ಸಂಕೇತದಲ್ಲಿ ಗಲಿಬಿಲಿ ಜಾಸ್ತಿ ಆಗುತ್ತೆ, ಯಾವ ಭಾಗಕ್ಕೆ ಯಾವ ಕೆಲಸ ಅನ್ನೋ ವಿಂಗಡಣೆ ಮಸುಕಾಗುತ್ತೆ. ಚಿಕ್ಕವರಲ್ಲಿ ಮುಖ ನೋಡಿದಾಗ ಒಂದು ಭಾಗ, ಮನೆ ಕಟ್ಟಡ ನೋಡಿದಾಗ ಇನ್ನೊಂದು ಭಾಗ ಚುರುಕಾಗುತ್ತೆ, ಹಿರಿಯರಲ್ಲಿ ಆ ಗೆರೆ ಮಸುಕಾಗಿರುತ್ತೆ ಅಂತ ಡೆನಿಸ್ ಪಾರ್ಕ್ ತಂಡ 2004ರಲ್ಲಿ ತೋರಿಸಿತ್ತು. ಅದನ್ನ ಯಾರೂ ಜಾಣತನ ಅಂತ ಕರೀಲಿಲ್ಲ, ಆದ್ರೆ ಅದೇ ಮಸುಕು ಹಣೆ ಹಿಂದೆ ಕಂಡ್ರೆ ಜಾಣತನ ಆಗಿಬಿಡುತ್ತಾ?

2002ರಲ್ಲೇ ಸೇಂಟ್ ಲೂಯಿಸ್‌ನಲ್ಲಿ ಜೆಸ್ಸಿಕಾ ಲೋಗನ್ ಮತ್ತು ರ‍್ಯಾಂಡಿ ಬಕ್ನರ್ ಮಾಡಿದ ಕೆಲಸ ನನಗೆ ಇದರಲ್ಲಿ ಬಹಳ ಮುಖ್ಯ, ಯಾಕಂದ್ರೆ ಅವರು ಎರಡು ವಿಷಯಗಳನ್ನ ಬೇರೆ ಮಾಡಿದ್ರು. ಪದಗಳನ್ನ ನೆನಪಿಟ್ಕೊಳ್ಳಿ ಅಂತ ಮಾತ್ರ ಹೇಳಿದಾಗ ಹಿರಿಯರಲ್ಲಿ ಬೇಕಾದ ಎಡ ಭಾಗ ಸಾಕಷ್ಟು ದುಡೀಲಿಲ್ಲ, ಬೇಡದ ಕಡೆಯೂ ಚಟುವಟಿಕೆ ಇತ್ತು. ಪದದ ಅರ್ಥ ಯೋಚಿಸಿ ಅಂತ ಹೇಳಿಕೊಟ್ಟ ತಕ್ಷಣ ಎಡ ಭಾಗ ಚೇತರಿಸಿಕೊಳ್ತು. ಬೇಡದ ಕಡೆಯ ಚಟುವಟಿಕೆ ಮಾತ್ರ ಹೇಗೆ ಹೇಳಿಕೊಟ್ರೂ ಹೋಗಲಿಲ್ಲ. ಮೊದಲನೇದು ಹಿರಿಯರಿಗೆ ನಿಜಕ್ಕೂ ಒಳ್ಳೇ ಸುದ್ದಿ, ದಾರಿ ತೋರಿಸಿದ್ರೆ ಮೆದುಳು ತನ್ನ ಹಳೇ ಜಾಗವನ್ನೇ ಬಳಸುತ್ತೆ! ಆದ್ರೆ ಜನ ಕೊಂಡಾಡ್ತಿರೋದು ಎರಡನೇದನ್ನ.

ಹಾಗಾದ್ರೆ ನೇರವಾಗಿ ಪರೀಕ್ಷೆ ಮಾಡೋದು ಹೇಗೆ? ಆ ಹೆಚ್ಚುವರಿ ಭಾಗದಲ್ಲಿ ಕೆಲಸಕ್ಕೆ ಬೇಕಾದ ಮಾಹಿತಿ ನಿಜವಾಗಿ ಇದ್ಯಾ ಅಂತ ನೋಡಬೇಕು. ಅಲೆಕ್ಸಾ ಮೋರ್ಕಮ್ ಮತ್ತು ರಿಕ್ ಹೆನ್ಸನ್ 2018ರಲ್ಲಿ ಅದನ್ನೇ ಮಾಡಿದ್ರು, ಎರಡು ಬೇರೆ ಬೇರೆ ನೆನಪಿನ ಕೆಲಸಗಳಲ್ಲಿ. ಹಿರಿಯರ ಪ್ರೀಫ್ರಂಟಲ್ ಭಾಗದಲ್ಲಿ ಚಟುವಟಿಕೆ ಜಾಸ್ತಿ ಇತ್ತು, ಆದ್ರೆ ಮೆದುಳಿನ ಹಿಂಭಾಗದಲ್ಲಿ ಆಗ್ಲೇ ಇದ್ದ ಮಾಹಿತಿಗೆ ಅದು ಏನನ್ನೂ ಹೆಚ್ಚಾಗಿ ಸೇರಿಸ್ತಿರಲಿಲ್ಲ. ಪರದವರು ಹೇಳಿದ 2024ರ ಅಧ್ಯಯನ ಇದೇ ವಿಧಾನದ್ದು, ಅದರ ಅರ್ಧ ಕಥೆ ಮೇಲೆ ಬಂದಿಲ್ಲ. ಕ್ಯೂನಿಯಸ್‌ನಲ್ಲಿ ಕೊರತೆ ತುಂಬೋ ಕೆಲಸ ಕಂಡಿದ್ದು ನಿಜ, ಆದ್ರೆ ಅದೇ ಜನರ ಹಣೆ ಹಿಂದಿನ ಭಾಗದಲ್ಲಿ ಅದು ಕಾಣಲಿಲ್ಲ. ಇಪ್ಪತ್ತು ವರ್ಷ ಎಲ್ರೂ ಬೊಟ್ಟು ಮಾಡಿ ತೋರಿಸ್ತಿದ್ದ ಜಾಗ ಅದೇ.

ಇನ್ನು ಎಫ್‌ಎಂಆರ್‌ಐ, ಅಂದ್ರೆ ಈಗ ಇಂಥಾ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸೋ ಸ್ಕ್ಯಾನ್, ಅಳೆಯೋದಾದ್ರೂ ಏನನ್ನ? 1990ರಲ್ಲಿ ಸೆಯಿಜಿ ಒಗಾವಾ ವಿವರಿಸಿದ ಬೋಲ್ಡ್ ಸಂಕೇತ ನರಕೋಶದ್ದಲ್ಲ, ರಕ್ತದಲ್ಲಿರೋ ಆಮ್ಲಜನಕದ್ದು. ವಯಸ್ಸಿಗೆ ರಕ್ತನಾಳ ಗಡಸಾಗುತ್ತೆ, ಬಿಪಿ ಮಾತ್ರೆ ನುಂಗೋರು ಜಾಸ್ತಿ, ಕಾಫಿ ಕುಡಿದು ಬಂದ್ರೂ ಸಂಕೇತ ಬದಲಾಗುತ್ತೆ. 2015ರಲ್ಲಿ ಕಾಮೆನ್ ತ್ಸ್ವೆತಾನೋವ್ ತಂಡ 335 ಜನರಲ್ಲಿ ರಕ್ತನಾಳಗಳ ವ್ಯತ್ಯಾಸವನ್ನ ಲೆಕ್ಕಕ್ಕೆ ತಗೊಂಡು ನೋಡಿದಾಗ, ವಯಸ್ಸಿನದ್ದು ಅಂದ್ಕೊಂಡಿದ್ದ ಬದಲಾವಣೆಗಳಲ್ಲಿ ಒಂದಷ್ಟು ರಕ್ತನಾಳದ್ದೇ ಅಂತ ಗೊತ್ತಾಯ್ತು. ನಾಳ ಗಡಸಾದ್ರೆ ಸಂಕೇತ ಇಳಿಯಬೇಕಲ್ವಾ, ಏರಿದೆ ಅಂದ್ರೆ ಅದು ನಿಜವಾದ ಏರಿಕೆನೇ ಅಂತ ಕೆಲವರು ಕೇಳ್ತಾರೆ, ನ್ಯಾಯವಾದ ಪ್ರಶ್ನೆ ಅದು, ಆದ್ರೆ ಎಡಕ್ಕೂ ಬಲಕ್ಕೂ, ಮುಂದಕ್ಕೂ ಹಿಂದಕ್ಕೂ ನಾಳಗಳು ಒಂದೇ ಸಮ ಬದಲಾಗಲ್ಲ, ಹೋಲಿಕೆ ಅಲ್ಲೇ ಕೆಡುತ್ತೆ.

ಎಲ್ಲಕ್ಕಿಂತ ದೊಡ್ಡ ಆಕ್ಷೇಪ ಹೋಲಿಸೋ ರೀತಿಯದ್ದು. ಈ ಹಳೇ ಪ್ರಯೋಗಗಳೆಲ್ಲ ಒಂದೇ ದಿನ ಇಪ್ಪತ್ತರವರನ್ನ ಎಪ್ಪತ್ತರ ಬೇರೆ ಜನರ ಜೊತೆ ಹೋಲಿಸಿದವು, ಅವರ ಓದು ಬೇರೆ, ಬಾಲ್ಯದ ಊಟ ಬೇರೆ, ಪರೀಕ್ಷೆ ಅಂದ್ರೆ ಇರೋ ಭಯ ಬೇರೆ. ಅಲ್ಲಿ ಕಾಣೋದು ವಯಸ್ಸೋ ಕಾಲವೋ ಹೇಗೆ ಹೇಳೋದು? ಸ್ವೀಡನ್‌ನ ಬೆಟುಲಾ ಅಧ್ಯಯನದಲ್ಲಿ ಲಾರ್ಸ್ ನೈಬರ್ಗ್ ತಂಡ ಅದೇ ಜನರನ್ನ ವರ್ಷಗಳ ಅಂತರದಲ್ಲಿ ಮತ್ತೆ ಸ್ಕ್ಯಾನ್ ಮಾಡಿತು, ಫಲಿತಾಂಶ 2010ರಲ್ಲಿ ಬಂತು. ಬೇರೆ ಬೇರೆ ವಯಸ್ಸಿನವರನ್ನ ಒಬ್ಬರ ಜೊತೆ ಇನ್ನೊಬ್ಬರನ್ನ ಹೋಲಿಸಿದಾಗ ವಯಸ್ಸಿನ ಜೊತೆ ಹಣೆ ಭಾಗದ ಚಟುವಟಿಕೆ ಏರಿದ ಹಾಗೆ ಕಾಣ್ತು, ಅದೇ ಮನುಷ್ಯನನ್ನ ಅವನ ಹಿಂದಿನ ಸ್ಕ್ಯಾನ್ ಜೊತೆ ಹೋಲಿಸಿದಾಗ ಇಳಿದಿತ್ತು. ಎರಡೂ ಪಕ್ಕ ದುಡೀತಿದ್ದ ಆ ಜಾಣ ಹಿರಿಯರು ಮೊದಲಿಂದ್ಲೂ ಹಾಗೇ ಇದ್ದವರು ಅನ್ನೋ ಸಾಧ್ಯತೆ ಇದ್ರಿಂದ ಗಟ್ಟಿಯಾಗುತ್ತೆ. ನೈಬರ್ಗ್ 2012ರಲ್ಲಿ ಮಂಡಿಸಿದ ವಾದವೂ ಇದೇ, ಚೆನ್ನಾಗಿ ವಯಸ್ಸಾಗೋರು ಮುಖ್ಯವಾಗಿ ಮೆದುಳನ್ನ ಚಿಕ್ಕವರ ಹಾಗೇ ಉಳಿಸಿಕೊಂಡವರು.

ಹೆಚ್ಚು ಚಟುವಟಿಕೆ ಯಾವಾಗ್ಲೂ ಒಳ್ಳೇದಲ್ಲ ಅನ್ನೋದಕ್ಕೆ ಒಂದು ಉದಾಹರಣೆ ಮರೆಯೋಕೇ ಆಗಲ್ಲ. ಡಿಮೆನ್ಶಿಯಾಗೆ ಮುಂಚಿನ ಹಂತದ ಮರೆವು ಇರೋರಲ್ಲಿ ಹಿಪೊಕ್ಯಾಂಪಸ್ ಅತಿಯಾಗಿ ದುಡಿಯೋದು ಕಂಡಾಗ, ಪಾಪ ತುಂಬಿಕೊಳ್ಳೋಕೆ ಒದ್ದಾಡ್ತಿದೆ ಅಂತಾನೇ ಓದಿದ್ರು. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅರ್ನಾಲ್ಡ್ ಬಕ್ಕರ್ ಮತ್ತು ಮಿಷೆಲಾ ಗ್ಯಾಲಗರ್ ತಂಡ 2012ರಲ್ಲಿ ಮೂರ್ಛೆರೋಗದ ಔಷಧಿ ಲೆವೆಟಿರಾಸೆಟಮ್ ಅನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟು ಆ ಚಟುವಟಿಕೆ ಇಳಿಸಿತು. ಅದು ಸಹಾಯ ಮಾಡ್ತಿದ್ದಿದ್ರೆ ನೆನಪು ಇನ್ನೂ ಕೆಡಬೇಕಿತ್ತು, ಆದ್ರೆ ಪರೀಕ್ಷೆಯಲ್ಲಿ ನೆನಪು ಸುಧಾರಿಸಿತು. ಅವರು ಆರೋಗ್ಯವಂತರಲ್ಲ, ಅದನ್ನ ಎಲ್ಲಾ ಹಿರಿಯರಿಗೂ ಅನ್ವಯಿಸೋದು ಸರಿಯಲ್ಲ, ಆದ್ರೆ ಪಾಠ ಇದೆ: ಕಾಯಿಲೆಯ ಮೊದಲ ಗುರುತನ್ನೇ ನಾವು ಮೆದುಳಿನ ಶಕ್ತಿ ಅಂತ ಓದಿಬಿಡೋ ಅಪಾಯ ನಿಜವಾದದ್ದು, ಮನೆಯವರು "ಸ್ಕ್ಯಾನ್‌ನಲ್ಲಿ ಮೆದುಳು ಚುರುಕಾಗಿದೆಯಂತೆ" ಅಂತ ಸಮಾಧಾನ ಪಟ್ಕೊಂಡು ಕೂತ್ರೆ ಕಳ್ಕೊಳ್ಳೋದು ವರ್ಷಗಳನ್ನ. ಇಂಥಾ ಆಸೆ ಮೇಲೆ ವ್ಯಾಪಾರಾನೂ ನಡೆಯುತ್ತೆ. ಮೆದುಳಿನ ವ್ಯಾಯಾಮದ ಆ್ಯಪ್ ಲುಮಾಸಿಟಿ ವಯಸ್ಸಿನ ಮರೆವು ತಡೀತೀವಿ ಅಂತ ಆಧಾರ ಇಲ್ಲದೆ ಜಾಹೀರಾತು ಕೊಟ್ಟಿತು ಅನ್ನೋ ಆರೋಪಕ್ಕೆ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡ್ಕೊಳ್ತು.

ನಮ್ಮ ಕಡೆಯವರಿಗೆ ಈ ತೀರ್ಪು ಕೊಡೋದು ಇನ್ನೂ ಆತುರ. ಒಬ್ಬೊಬ್ಬರ ಸ್ಕ್ಯಾನ್ ಹೊಂದಿಸಿ ನೋಡೋಕೆ ಬಳಸೋ, 2020ರಲ್ಲಿ ಭಾರತೀಯರಿಗೆ ಅಂತ ಪ್ರಕಟವಾದ ಐದು ಮೆದುಳಿನ ಮಾದರಿ ನಕ್ಷೆಗಳು 6ರಿಂದ 60 ವರ್ಷದವರಿಗೆ, ನಾವು ಮಾತಾಡ್ತಿರೋ ವಯಸ್ಸು ಶುರುವಾಗೋ ಹೊತ್ತಿಗೆ ಅವು ಮುಗೀತವೆ. ಹೈದರಾಬಾದ್‌ನ ಕೆಲಸ ಅಮೂಲ್ಯವಾದದ್ದೇ, ಆದ್ರೆ ಅದು ಕಾಯಿಲೆ ಯಾವಾಗ ಶುರುವಾಯ್ತು ಅಂತ ನೋಡಿದ್ದು, ಮೆದುಳು ಯಾವ ದಾರಿ ಹಿಡೀತು ಅಂತ ಅಲ್ಲ.

ನನ್ನ ಭರವಸೆ ಇರೋದು ಕೋಲಾರದ ಶ್ರೀನಿವಾಸಪುರದ ಮೇಲೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಅಲ್ಲಿ 45 ದಾಟಿದ ಹಳ್ಳಿಯ ಜನರನ್ನ ವರ್ಷಾನುಗಟ್ಟಲೆ ಹಿಂಬಾಲಿಸ್ತಿದೆ, ಗುರಿ 10,000 ಜನ, ರಕ್ತಪರೀಕ್ಷೆ, ನೆನಪಿನ ಪರೀಕ್ಷೆ, ಎಂಆರ್‌ಐ ಎಲ್ಲಾ ಸೇರಿ. ಶಾಲೆ ಮೆಟ್ಟಿಲು ಹತ್ತದವರು, ಎರಡು ಭಾಷೆ ಆಡೋರು, ಹೊಲದಲ್ಲಿ ದುಡಿಯೋರು, ಅಮೆರಿಕದ ಕಾಲೇಜಿನ ಪಕ್ಕದಲ್ಲಿ ಸಿಗದ ಜನ ಇವರು. ಅದೇ ವ್ಯಕ್ತಿ ಕೆಲಸ ಮಾಡ್ತಿರೋವಾಗ ಹತ್ತು ವರ್ಷದ ಅಂತರದಲ್ಲಿ ತೆಗೆದ ಎರಡು ಸ್ಕ್ಯಾನ್ ಇಟ್ಕೊಂಡು, ಮೊದಲು ಒಂದು ಪಕ್ಕ ಇದ್ದ ಕೆಲಸ ಆಮೇಲೆ ಎರಡು ಪಕ್ಕಕ್ಕೆ ಹರಡಿದೆ, ಹರಡಿದವರ ನೆನಪು ಉಳಿದಿದೆ, ಹರಡದವರದ್ದು ಇಳಿದಿದೆ, ರಕ್ತನಾಳದ ಲೆಕ್ಕ ಕಳೆದ ಮೇಲೂ ಹಾಗೇ ಇದೆ ಅಂತ ಯಾರಾದ್ರೂ ತೋರಿಸಿದ್ರೆ ನಾನು ಪರದವರ ಕಡೆ ಬರ್ತೀನಿ. ಅಲ್ಲೀವರೆಗೆ ಹಿರಿಯರಿಗೆ ಸ್ಕ್ಯಾನ್‌ನ ಬಣ್ಣ ತೋರಿಸಿ ಸಮಾಧಾನ ಹೇಳೋ ಬದಲು ಬಿಪಿ, ಶುಗರ್ ಹತೋಟಿಯಲ್ಲಿ ಇಡೋಣ, ಕಿವಿ ಕೇಳಿಸ್ತಾ ಇದ್ಯಾ ಅಂತ ಪರೀಕ್ಷೆ ಮಾಡಿಸೋಣ, ಮರೆವು ಜಾಸ್ತಿ ಅನ್ನಿಸಿದ್ರೆ ತಡ ಮಾಡದೆ ನರರೋಗ ತಜ್ಞರ ಹತ್ರ ಕರ್ಕೊಂಡು ಹೋಗೋಣ.